ಟಿಕೆಟ್ ಜೊತೆ ಈ ಮೂರು ಪುಸ್ತಕಗಳೂ ಇರಲಿ



ವಿಮಾನ ಬಿದ್ದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಪೈಲಟ್ ತಪ್ಪಾ, ಯಂತ್ರದ ತಪ್ಪಾ? ವಿಮಾನ ಕಂಪನಿ ಮುಳುಗಿದಾಗಲೂ ಒಂದೇ ಪ್ರಶ್ನೆ: ದುಡ್ಡು ಎಲ್ಲಿ ಹೋಯ್ತು? ಬ್ರೇಕಿಂಗ್ ನ್ಯೂಸ್ ಇದಕ್ಕೆಲ್ಲ ಪೂರ್ತಿ ಉತ್ತರ ಕೊಡಲ್ಲ. ಪುಸ್ತಕಗಳು ಕೊಡ್ತವೆ. ಅಂಥ ಮೂರು ಪುಸ್ತಕಗಳ ಬಗ್ಗೆ ಇವತ್ತು ಹೇಳ್ತೀನಿ.

ಮೊದಲನೆಯದು ನಮ್ಮವರದ್ದೇ. ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ‘ಸಿಂಪ್ಲಿ ಫ್ಲೈ’. ಹಾಸನ ಜಿಲ್ಲೆಯ ಗೊರೂರಿನವರು. ಸೇನೆ ಬಿಟ್ಟು ಬಂದು ತೆಂಗು, ರೇಷ್ಮೆ ಬೆಳೆದವರು 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಹಾರಿತು. ಒಂದು ರೂಪಾಯಿ ಟಿಕೆಟ್ ಬಂತು. ಚಪ್ಪಲಿ ಹಾಕಿಕೊಂಡವನೂ ವಿಮಾನ ಹತ್ತಿದ. ಆದರೆ ಕಂಪನಿ ಉಳಿಯಿತಾ? 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನವಾಯ್ತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕಿಳಿಯಿತು. ತಿಂಗಳುಗಟ್ಟಲೆ ಸಂಬಳ ಕಾಣದೆ ಒದ್ದಾಡಿದ್ದು ನೌಕರರು.

ಎರಡನೆಯದು, ಏರ್ ಇಂಡಿಯಾದಲ್ಲೇ ಹಿರಿಯ ಅಧಿಕಾರಿಯಾಗಿದ್ದ ಜಿತೇಂದರ್ ಭಾರ್ಗವ ಬರೆದ ‘ದಿ ಡಿಸೆಂಟ್ ಆಫ್ ಏರ್ ಇಂಡಿಯಾ’. ಮಹಾರಾಜನ ಸಂಸ್ಥೆ ಸಾಲದಲ್ಲಿ ಮುಳುಗಿದ್ದು ಹೇಗೆ ಅನ್ನೋ ಒಳಗಿನವರ ವಾದ ಇದರಲ್ಲಿದೆ. 2013ರಲ್ಲಿ ಬಂತು. ಮಾಜಿ ವಿಮಾನಯಾನ ಸಚಿವರು ಮಾನನಷ್ಟ ಮೊಕದ್ದಮೆ ಹೂಡಿದರು. 2014ರಲ್ಲಿ ಪ್ರಕಾಶಕರು ಕ್ಷಮೆ ಕೇಳಿ ಪುಸ್ತಕ ವಾಪಸ್ ತಗೊಂಡರು. ಲೇಖಕರು ಬಿಡಲಿಲ್ಲ, ತಾವೇ ಮತ್ತೆ ಹೊರತಂದರು. ಅವರು ಹೇಳಿದ್ದೆಲ್ಲ ಒಪ್ಪಬೇಕಿಲ್ಲ. ಆದರೆ ಆ ನಷ್ಟ ತುಂಬಿದ್ದು ನಿಮ್ಮ, ನನ್ನ ತೆರಿಗೆ ದುಡ್ಡು. ಓದೋ ಹಕ್ಕಂತೂ ನಮಗಿದೆ ಅಲ್ವಾ?

ಮೂರನೆಯದು ನನ್ನಂಥ ಇಂಜಿನಿಯರಿಂಗ್ ಓದಿದವರ ನಿದ್ದೆ ಕೆಡಿಸೋ ಪುಸ್ತಕ. ಪೀಟರ್ ರಾಬಿಸನ್ ಬರೆದ ‘ಫ್ಲೈಯಿಂಗ್ ಬ್ಲೈಂಡ್’. ಬೋಯಿಂಗ್ 737 ಮ್ಯಾಕ್ಸ್ ಕಥೆ. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾ. ಎರಡು ವಿಮಾನ, 346 ಜೀವ. ವಿಮಾನದ ಮೂತಿಯನ್ನು ತಾನೇ ಕೆಳಗೆ ತಳ್ಳುವ ಒಂದು ಸಾಫ್ಟ್‌ವೇರ್ ಇತ್ತು. ಅದು ನಂಬಿದ್ದು ಒಂದೇ ಒಂದು ಸೆನ್ಸರ್ ಅನ್ನು. ಆ ಸೆನ್ಸರ್ ಸುಳ್ಳು ಲೆಕ್ಕ ಕೊಟ್ಟಿತು, ಪೈಲಟ್ ಮೇಲೆತ್ತಿದಷ್ಟೂ ಸಾಫ್ಟ್‌ವೇರ್ ಕೆಳಕ್ಕೆ ತಳ್ಳಿತು. ಅಂಥದ್ದೊಂದು ಇದೆ ಅಂತ ಮೊದಲ ಅಪಘಾತದ ತನಕ ಪೈಲಟ್‌ಗಳಿಗೆ ಹೇಳಿರಲೇ ಇಲ್ಲ! ಯಾಕೆ? ಹೊಸ ತರಬೇತಿ ಬೇಕು ಅಂದ್ರೆ ಗ್ರಾಹಕ ಕಂಪನಿಗಳಿಗೆ ಖರ್ಚು. ಸಿಮ್ಯುಲೇಟರ್ ತರಬೇತಿ ಬೇಕಾದರೆ ವಿಮಾನವೊಂದಕ್ಕೆ 10 ಲಕ್ಷ ಡಾಲರ್ ಬಿಡ್ತೀವಿ ಅಂತ ಒಂದು ಕಂಪನಿಗೆ ಬೋಯಿಂಗ್ ಮಾತು ಕೊಟ್ಟಿತ್ತು.

ಮೂರೂ ಪುಸ್ತಕ ಒಟ್ಟಿಗೆ ಓದಿ. ಆಕಾಶದಲ್ಲಿ ಆಗೋದನ್ನ ನೆಲದ ಮೇಲಿನ ಎಸಿ ರೂಮಲ್ಲಿ ಕೂತವರು ವರ್ಷಗಳ ಮೊದಲೇ ತೀರ್ಮಾನ ಮಾಡಿರ್ತಾರೆ. ಅವರು ಉಳಿಸಿದ ದುಡ್ಡಿಗೆ ಬೆಲೆ ತೆತ್ತವರು ನೌಕರರು, ತೆರಿಗೆದಾರರು, ಪ್ರಯಾಣಿಕರು.

ಆಫರ್ ಟಿಕೆಟ್ ಬುಕ್ ಮಾಡಿ, ತಪ್ಪಿಲ್ಲ. ಉಳಿದ ದುಡ್ಡಲ್ಲಿ ಇವುಗಳಲ್ಲಿ ಒಂದನ್ನಾದರೂ ಕೊಳ್ಳಿ. ಮುಂದಿನ ಸಲ ಕೇಳಬೇಕಾದ ಪ್ರಶ್ನೆ ನಿಮಗೇ ಗೊತ್ತಿರುತ್ತೆ.