ತೋಟದಲ್ಲಿ ಸೈಪ್ರೆಸ್ ಗಿಡವನ್ನು ನೆಟ್ಟು ಬೆಳೆಸುವ ಕ್ರಮ



ಅಲಂಕಾರಕ್ಕಾಗಿ ಬೆಳೆಸುವ ಮರಗಳ ಪೈಕಿ ಸೈಪ್ರೆಸ್ ಬಹು ಪ್ರಾಚೀನವಾದುದು. ಮೆಡಿಟರೇನಿಯನ್ ಸಮುದ್ರದ ಪೂರ್ವತೀರವೂ ಪಾರಸೀಕ ದೇಶವೂ ಇದರ ತೌರು. ಕಂಬದಂತೆ ನೆಟ್ಟಗೆ ಬೆಳೆಯುವ ಈ ಮರವನ್ನು ಪಾರಸೀಕರೂ ಮೊಗಲರೂ ತಮ್ಮ ತೋಟದ ದಾರಿಗಳ ಇಕ್ಕೆಲಗಳಲ್ಲಿ ಸಾಲಾಗಿ ನೆಡಿಸುತ್ತಿದ್ದರು. ಬೆಂಗಳೂರಿಗೂ ಇದು ಹೊಸದಲ್ಲ. 1800ನೆಯ ಇಸವಿಯಲ್ಲಿ ಅಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಮಾಡಿಸಿದ್ದ ತೋಟಗಳು ಚೌಕಗಳಾಗಿ ವಿಂಗಡಿಸಲ್ಪಟ್ಟಿದ್ದುವೆಂದೂ, ನಡುವಣ ದಾರಿಗಳ ಅಂಚಿನಲ್ಲಿ ಅಂದವಾದ ಸೈಪ್ರೆಸ್ ಮರಗಳಿದ್ದುವೆಂದೂ ಬರೆದಿಟ್ಟಿದ್ದಾನೆ.

ಇಷ್ಟಾದರೂ ಇದನ್ನು ನೆಟ್ಟವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ನಿರಾಶರಾಗುವುದುಂಟು. ದಾಸವಾಳದ ಬೇಲಿಯನ್ನು ಮೊಣಕಾಲೆತ್ತರಕ್ಕೆ ಕಡಿದರೂ ಅದು ಮತ್ತೆ ಚಿಗುರುತ್ತದೆ. ಸೈಪ್ರೆಸ್ಸಿಗೆ ಆ ಗುಣವಿಲ್ಲ. ಹಸುರು ಉದುರಿದ ಹಳೆಯ ಕೊಂಬೆಯಲ್ಲಿ ಹೊಸ ಚಿಗುರು ಹೊರಡುವುದಿಲ್ಲ. ಒಮ್ಮೆ ಬೋಳಾದ ಬದಿಯು ಬೋಳಾಗಿಯೇ ಉಳಿಯುತ್ತದೆ. ಆದುದರಿಂದ ಇದರ ಆರೈಕೆಯೆಲ್ಲವೂ ಮೊದಲಿನಿಂದಲೇ ಸರಿಯಾಗಿರತಕ್ಕದ್ದು.

ಗಿಡವನ್ನು ಕೊಳ್ಳುವಾಗ ಹೆಸರಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಪಾರಸಿಯಲ್ಲಿ ‘ಸರ್ವ್’ ಎಂದರೆ ಸೈಪ್ರೆಸ್. ಕನ್ನಡದಲ್ಲಿ ಸರ್ವೆಯೆಂದು ಕರೆಯುವುದು ಗಾಳಿಮರವನ್ನು. ಗಾಳಿಮರದ ಕಡ್ಡಿಗಳು ಸೂಜಿಯಂತೆ ಸಣ್ಣಗೆ, ಗಿಣ್ಣುಗಿಣ್ಣಾಗಿರುತ್ತವೆ. ಸೈಪ್ರೆಸ್ಸಿನ ಎಲೆಗಳು ಮೀನಿನ ಹುರುಪೆಯಂತೆ ಕಡ್ಡಿಗೆ ಅಂಟಿಕೊಂಡಿರುತ್ತವೆ. ಬೀಜದಿಂದ ಹುಟ್ಟಿದ ಸಸಿಗಳೆಲ್ಲವೂ ಕಂಬದ ಆಕಾರಕ್ಕೆ ಬರುವುದಿಲ್ಲ. ಒಂದೇ ತೆರನಾದ ಸಾಲು ಬೇಕಾದವರು, ಒಳ್ಳೆಯ ಮರದ ಕಡ್ಡಿಗಳಿಂದ ಬೇರು ಬರಿಸಿದ ಗಿಡಗಳನ್ನು ಆರಿಸುವುದು ಮೇಲು. ಒಂದೆರಡು ಅಡಿಯ ಎಳೆಯ ಗಿಡವು ಎತ್ತರದ ಗಿಡಕ್ಕಿಂತ ಬೇಗ ಬೇರೂರುತ್ತದೆ.

ದಿನವೆಲ್ಲ ಬಿಸಿಲು ಬೀಳುವ, ನೀರು ನಿಲ್ಲದ ನೆಲವೇ ಇದಕ್ಕೆ ಯೋಗ್ಯವಾದುದು. ನೆರಳು ಬಿದ್ದ ಬದಿಯು ಬೋಳಾಗುವುದು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು. ಕೆಂಪು ಮರಳುಮಣ್ಣು ಉತ್ತಮ. ಕಪ್ಪು ಜಿಗುಟು ಮಣ್ಣಿನಲ್ಲಿ ನೆಡಲೇಬೇಕಾದರೆ ನೆಲವನ್ನು ಒಂದಡಿ ಎತ್ತರಿಸಿ, ಆ ದಿಬ್ಬದ ಮೇಲೆ ನೆಡಬೇಕು.

ಮುಂಗಾರು ಹಿಡಿಯುವ ಮುನ್ನವೇ 2 ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ತೋಡಿ ಬಿಸಿಲಿಗೆ ಬಿಡಬೇಕು. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಬೇಕು. ಹಸಿಗೊಬ್ಬರವು ಗೆದ್ದಲನ್ನು ಕರೆಯುತ್ತದೆ. ಬೇರಿನ ಹೆಂಟೆ ಒಡೆಯದಂತೆ ಗಿಡವನ್ನಿಳಿಸಿ, ಕುಂಡದಲ್ಲಿ ಸುತ್ತಿಕೊಂಡಿರುವ ಬೇರುಗಳನ್ನು ಮೆಲ್ಲನೆ ಬಿಡಿಸಿ, ಮೊದಲಿದ್ದಷ್ಟೇ ಆಳಕ್ಕೆ ನೆಡಬೇಕು. ಸಾಲುಮರಗಳಿಗೆ 6ರಿಂದ 8 ಅಡಿ, ಬೇಲಿಗೆ 3 ಅಡಿ ಅಂತರವಿರಲಿ. ಗಾಳಿಗೆ ವಾಲದಂತೆ ಊರುಗೋಲನ್ನು ಕೊಡುವುದು ಅವಶ್ಯ.

ಮೊದಲ ಎರಡು ಬೇಸಗೆಗಳಲ್ಲಿ, ಮೇಲ್ಮಣ್ಣು ಎರಡಂಗುಲ ಒಣಗಿದಾಗಲೆಲ್ಲ ಬುಡಕ್ಕೆ ತಣಿಯುವಷ್ಟು ನೀರು ಹಾಕಬೇಕು. ದಿನದಿನವೂ ಚಿಮುಕಿಸುವುದರಿಂದ ಬೇರು ಆಳಕ್ಕಿಳಿಯದು. ಆಮೇಲೆ ನೀರನ್ನು ಕ್ರಮವಾಗಿ ಕಡಮೆ ಮಾಡಬೇಕು.

ಕತ್ತರಿಯು ಹಸುರು ತುದಿಗಳನ್ನು ಮಾತ್ರ ಮುಟ್ಟತಕ್ಕದ್ದು. ಬೇಲಿಯಾದರೆ ಬುಡವನ್ನು ಅಗಲವಾಗಿಯೂ ನೆತ್ತಿಯನ್ನು ಕಿರಿದಾಗಿಯೂ ಇಡಬೇಕು. ಹಾಗಾದರೆ ಕೆಳಗಣ ಕೊಂಬೆಗಳಿಗೂ ಬೆಳಕು ದೊರೆಯುತ್ತದೆ. ಎಳೆಯ ಗಿಡದಲ್ಲಿ ಎರಡು ಸುಳಿಗಳೆದ್ದರೆ ಒಂದನ್ನು ತೆಗೆಯಬೇಕು.

ಈ ಮರಕ್ಕೆ ಬರುವ ರೋಗಗಳಲ್ಲಿ ಕಾಂಡದ ಹುಣ್ಣು ಬಹು ಕೆಟ್ಟುದು. ಸೀರಿಡಿಯಮ್ ಎಂಬ ಬೂಷ್ಟಿನಿಂದುಂಟಾಗುವ ಇದನ್ನು 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುರುತಿಸಲಾಯಿತು. ತರುವಾಯ ಮೆಡಿಟರೇನಿಯನ್ ದೇಶಗಳಲ್ಲಿಯೂ ಅಸಂಖ್ಯ ಮರಗಳು ಇದಕ್ಕೆ ತುತ್ತಾದುವು. ಒಂದು ಕೊಂಬೆ ಮಾತ್ರ ಕಂದಿ, ತೊಗಟೆ ಸೀಳಿ ಅಂಟು ಸುರಿಯುವುದೇ ಇದರ ಗುರುತು. ಗುಣಪಡಿಸುವ ಔಷಧಿಯಿಲ್ಲ. ಅಂತಹ ಕೊಂಬೆಯನ್ನು ಹುಣ್ಣಿಗಿಂತ ಸಾಕಷ್ಟು ಕೆಳಗೆ, ಒಣಹವೆಯಲ್ಲಿ ಕತ್ತರಿಸಿ ಸುಡಬೇಕು. ಪ್ರತಿಸಲವೂ ಕತ್ತಿಯನ್ನು ಸ್ಪಿರಿಟ್ಟಿನಿಂದ ಒರೆಸಬೇಕು.

ಸೈಪ್ರೆಸ್ ಹೆಚ್ಚು ಗೊಬ್ಬರವನ್ನು ಕೇಳುವುದಿಲ್ಲ, ಹೆಚ್ಚು ನೀರನ್ನೂ ಕೇಳುವುದಿಲ್ಲ. ಬಿಸಿಲು, ಬಸಿಯುವ ನೆಲ, ಹದವರಿತ ಕತ್ತರಿ ಇವನ್ನು ಮಾತ್ರ ಕೇಳುತ್ತದೆ. ಇವು ಮೂರೂ ಒದಗಿದ ಸಾಲು, ನೆಟ್ಟವರ ಮೊಮ್ಮಕ್ಕಳ ಕಾಲಕ್ಕೂ ಹಸುರಾಗಿ ನಿಲ್ಲುವುದು.