ಗಿರಣಿಗೆ ಬಂದ ಪಾದ್ರಿಗಳು
(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ದೇವರನ್ನು ನಂಬದವರಿಗೆ ದೇವರ ಮಾತನ್ನು ಹೇಳುವುದು ಹೇಗೆ? ಇದು ಪಾದ್ರಿಗಳ ಪ್ರಶ್ನೆ, ಸಮಾಜವಾದಿಗಳಾದ ನಮಗೆ ಇದರ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಅನ್ನಬಹುದು. ಆದರೆ ಫ್ರಾನ್ಸ್ ದೇಶದ ಕೆಲವು ಪಾದ್ರಿಗಳು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಕಾರ್ಖಾನೆಯೊಳಗೇ ಬಂದರು. ಕೂಲಿಗೆ ನಿಂತರು, ಮುಷ್ಕರದಲ್ಲೂ ಸೇರಿದರು. ಆದ್ದರಿಂದ ಅವರ ಕಥೆ ದುಡಿಯುವವರ ಚರಿತ್ರೆಗೂ ಸೇರಿದ್ದು.

ಆಗ ಫ್ರಾನ್ಸಿನ ಬಹುಪಾಲು ಜನ ಹೆಸರಿಗೆ ಕ್ರೈಸ್ತರಾಗಿದ್ದರು. ಆದರೆ 1943ರಲ್ಲಿ ಹೆನ್ರಿ ಗೋಡಿನ್, ಯ್ವಾನ್ ಡೇನಿಯಲ್ ಎಂಬ ಇಬ್ಬರು ಪಾದ್ರಿಗಳು ಒಂದು ಪುಸ್ತಕ ಬರೆದು, ಫ್ರಾನ್ಸೇ ಮಿಷನರಿಗಳು ಹೋಗಬೇಕಾದ ನಾಡಾಗಿದೆಯೇ ಎಂದು ಕೇಳಿದರು. ಪ್ಯಾರಿಸಿನ ಕಾರ್ಮಿಕರ ಕೇರಿಗಳಲ್ಲಿ ಬಹಳ ಜನಕ್ಕೆ ಚರ್ಚಿನೊಡನೆ ಸಂಬಂಧವೇ ಉಳಿದಿರಲಿಲ್ಲ. ಚರ್ಚು ಉಳ್ಳವರ ಮಗ್ಗುಲಲ್ಲಿ ನಿಂತಿದೆ ಎಂದೇ ಅವರಿಗೆ ಕಾಣುತ್ತಿತ್ತು. ಮದುವೆಗೂ ಶವಸಂಸ್ಕಾರಕ್ಕೂ ಕೊಟ್ಟ ಹಣಕ್ಕೆ ತಕ್ಕ ದರ್ಜೆಗಳಿದ್ದವು. ಸತ್ತ ಮೇಲೂ ಮೊದಲನೆಯ ದರ್ಜೆ, ಮೂರನೆಯ ದರ್ಜೆ ಎಂದು ವಿಂಗಡಿಸುವ ಮನೆಯಲ್ಲಿ ಎಲ್ಲರೂ ಸಮಾನರೆಂದು ಬೋಧಿಸಿದರೆ ಕೂಲಿಕಾರ ನಂಬುವುದು ಹೇಗೆ?

ಕೆಲವರು ಉಪದೇಶವನ್ನು ಬದಿಗಿಟ್ಟು ಮೈಮುರಿದು ದುಡಿಯಲು ಹೊರಟರು. ಮೊದಲು ವಕೀಲರಾಗಿದ್ದು ಆಮೇಲೆ ಸನ್ಯಾಸಿಯಾದ ಜಾಕ್ ಲೂವ್ 1941ರಲ್ಲಿ ಮಾರ್ಸೇಲ್ ಬಂದರಿನಲ್ಲಿ ಹಮಾಲಿ ಕೆಲಸಕ್ಕೆ ಸೇರಿದರು. ಫ್ರೆಂಚ್ ಕಾರ್ಮಿಕರನ್ನು ಬಲವಂತದಿಂದ ಜರ್ಮನಿಗೆ ಸಾಗಿಸಿದಾಗ ಹೆನ್ರಿ ಪೆರ್ರಿನ್ ಮೊದಲಾದ ಪಾದ್ರಿಗಳು ಗುರುತು ಮರೆಸಿಕೊಂಡು ಅವರ ಸಂಗಡ ಹೋದರು. ಪೆರ್ರಿನ್ ಅಲ್ಲಿ ಸೆರೆಮನೆಯನ್ನೂ ಕಂಡರು. 1944ರಲ್ಲಿ ಪ್ಯಾರಿಸಿನ ಕಾರ್ಡಿನಲ್ ಸುಹಾರ್ ಅವರ ಬೆಂಬಲದಿಂದ ಪ್ಯಾರಿಸ್ ಮಿಷನ್ ಕೆಲಸಕ್ಕೆ ತೊಡಗಿತು. ಪಾದ್ರಿಗಳು ನಿಲುವಂಗಿ ಕಳಚಿ ಕೆಲಸಗಾರನ ಉಡುಪು ತೊಟ್ಟರು. ಕಾರ್ಮಿಕರ ಕೇರಿಯಲ್ಲೇ ಕೋಣೆ ಹಿಡಿದರು. ಹಗಲು ಯಂತ್ರದ ಮುಂದೆ ದುಡಿದು, ಸಂಜೆ ಆ ಕೋಣೆಯಲ್ಲೇ ಮೇಜಿನ ಮೇಲೆ ಬಲಿಪೂಜೆ ಮಾಡಿದರು.

ಹಾಗೆ ಬಂದವರು ಮೊದಲು ಕಲಿಯಬೇಕಾಯಿತು. ಕೂಲಿ ಎಲ್ಲಿ ಸಾಲದು, ಮೇಸ್ತ್ರಿಯ ಬೈಗುಳ ಹೇಗೆ ಮೈಗೆ ಹತ್ತುತ್ತದೆ, ಸಂಘವಿಲ್ಲದ ಒಂಟಿ ಮನುಷ್ಯ ಎಷ್ಟು ನಿರ್ಬಲ ಎಂಬುದು ಅವರ ಅನುಭವಕ್ಕೆ ಬಂತು. ಅನೇಕರು ಸಂಘಗಳಿಗೆ ಸೇರಿದರು. ಕಮ್ಯುನಿಸ್ಟರ ಪ್ರಭಾವವಿದ್ದ ಸಂಘಗಳಿಗೂ ಸೇರಿದರು. 1952ರಲ್ಲಿ ಅಮೆರಿಕದ ಜನರಲ್ ರಿಜ್ವೇ ಪ್ಯಾರಿಸಿಗೆ ಬಂದಾಗ ನಡೆದ ಪ್ರತಿಭಟನೆಯಲ್ಲಿ ಇಬ್ಬರು ಕಾರ್ಮಿಕ ಪಾದ್ರಿಗಳು ಬಂಧಿತರಾಗಿ ಪೋಲೀಸರ ಏಟು ತಿಂದರು.

ರೋಮಿಗೆ ಇದು ಹಿಡಿಸಲಿಲ್ಲ. 1954ರ ಮಾರ್ಚ್ 1ರೊಳಗೆ ಕಾರ್ಖಾನೆಯ ಪೂರ್ಣ ಕೆಲಸ ಬಿಡಬೇಕು, ದಿನಕ್ಕೆ 3 ಗಂಟೆಗಿಂತ ಹೆಚ್ಚು ದುಡಿಯಕೂಡದು, ಸಂಘದ ಹೊಣೆ ತ್ಯಜಿಸಬೇಕು ಎಂದು ಅಪ್ಪಣೆಯಾಯಿತು. ಆಗ ಅವರ ಸಂಖ್ಯೆ ಸುಮಾರು 100. ಕೆಲವರು ತಲೆಬಾಗಿದರು. ಉಳಿದವರು ಬಿಷಪ್ಪರ ಮಾತು ಮೀರಿ ಸಂಗಡಿಗರ ಬಳಿಯೇ ಉಳಿದರು. ಎರಡೂ ಕಡೆಯವರ ನೋವು ಸಣ್ಣದಲ್ಲ. ಒಬ್ಬ ತಾನು ವಚನ ಕೊಟ್ಟ ಚರ್ಚನ್ನು ಬಿಡಬೇಕು, ಇನ್ನೊಬ್ಬ ತನ್ನನ್ನು ನಂಬಿದ ಕಾರ್ಮಿಕರನ್ನು ಬಿಡಬೇಕು. 1959ರಲ್ಲಿ ನಿಷೇಧ ಇನ್ನೂ ಬಿಗಿಯಾಯಿತು. 1965ರಲ್ಲಿ ಪೋಪ್ ಆರನೆಯ ಪೌಲರ ಕಾಲದಲ್ಲಿ ಮತ್ತೆ ಅನುಮತಿ ದೊರೆಯಿತು.

ಇವರಿಂದ ಎಷ್ಟು ಜನ ಚರ್ಚಿಗೆ ಬಂದರು? ತೀರ ಕಡಮೆ. ಲೆಕ್ಕ ನೋಡುವವರು ಇದನ್ನು ಸೋಲೆನ್ನುತ್ತಾರೆ. ನಾವು ಹಾಗೆನ್ನುವುದಿಲ್ಲ. ಏಕೆಂಬುದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ಪಕ್ಕದಲ್ಲಿಟ್ಟು ನೋಡೋಣ.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಬಂತು. ಕನ್ನಡಿಗರು ಈ ಋಣವನ್ನು ಮರೆಯಲಾಗದು. ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಂಡಾಗ ಮಿಷನ್ ಅವರಿಗಾಗಿ ಮಗ್ಗ ಹಾಕಿಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹಸಿದವನಿಗೆ ಕೆಲಸ ಕೊಟ್ಟದ್ದು ದೊಡ್ಡ ಉಪಕಾರವೇ. ಆದರೆ ಅಲ್ಲಿ ನಂಬಿಕೆ ಹೇಳುವವನೂ ಕೂಲಿ ಕೊಡುವವನೂ ಒಬ್ಬನೇ ಆದ. ಇವನು ಒಪ್ಪಿದ್ದು ಕ್ರಿಸ್ತನಿಗೋ ಕೂಲಿಗೋ ಎಂದು ಊರವರು ಕೇಳಿದರು. ಮನಸಾರೆ ಒಪ್ಪಿದವನಿಗೂ ಆ ಸಂಶಯ ತಪ್ಪಲಿಲ್ಲ.

ಪ್ಯಾರಿಸಿನ ಪಾದ್ರಿಯ ಕೈಯಲ್ಲಿ ಕೊಡಲು ಕೆಲಸವಿರಲಿಲ್ಲ. ತನಗೇ ಕೆಲಸ ಬೇಕೆಂದು ಅವನು ಸಾಲಿನಲ್ಲಿ ನಿಂತಿದ್ದ. ಅವನ ಮಾತನ್ನು ಒಪ್ಪಿದರೆ ಲಾಭವಿಲ್ಲ, ಒಪ್ಪದಿದ್ದರೆ ನಷ್ಟವಿಲ್ಲ. ಹೀಗಿದ್ದಾಗ ಮಾತ್ರ ಕೇಳುವವನು ಸ್ವತಂತ್ರ. ಅವನ ಒಪ್ಪಿಗೆಗೂ ಬೆಲೆ, ನಿರಾಕರಣೆಗೂ ಬೆಲೆ.

ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರದ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅಡಗಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೋರ್ಟಿನ ಮಾತು ಹಾಗಿರಲಿ. ಕಾನೂನು ಹೇಳುವವನ ಬಾಯಿ ಕಟ್ಟಬಹುದು ಅಥವಾ ಬಿಚ್ಚಬಹುದು, ಕೇಳುವವನ ಮನಸ್ಸು ಅದರ ಕೈಗೆ ಸಿಕ್ಕುವುದಿಲ್ಲ. ತಿಳಿದು ಒಪ್ಪುವ ಬಡವನನ್ನು ಆಮಿಷಕ್ಕೆ ಬಿದ್ದವನೆಂದು ಹಂಗಿಸುವುದು ಅವನಿಗೆ ಬುದ್ಧಿಯೇ ಇಲ್ಲವೆಂದಂತೆ. ನಾವು ಅದನ್ನು ಒಪ್ಪಲಾರೆವು.

ಈ ಮಾತು ಕ್ರೈಸ್ತರಿಗೆ ಮಾತ್ರ ಅನ್ವಯಿಸುವುದಲ್ಲ. ಅಂಗಡಿಕಾರರು ಇಲ್ಲಿದ್ದೀರಿ. ಉದ್ರಿ ಕೊಟ್ಟ ಗಿರಾಕಿಯನ್ನು ನಮ್ಮ ಪಕ್ಷಕ್ಕೆ ಬಾ ಎಂದು ಕರೆದರೆ, ಅವನು ಬರುವುದು ತತ್ತ್ವಕ್ಕೋ ಬಾಕಿಗೋ? ನಿವೇಶನ ಕೊಡಿಸುತ್ತೇವೆಂದು ಕಾರ್ಮಿಕರನ್ನು ಸಭೆಗೆ ಕರೆತಂದರೆ, ಅವರು ಚಪ್ಪಾಳೆ ತಟ್ಟುವುದು ಯಾವುದಕ್ಕೆ? ಬರುವ ಚಂದಾ ಸಂಗ್ರಹಕ್ಕೆ ಹೊರಡುವ ಮೊದಲು ನಮ್ಮ ಕಾರ್ಯಕರ್ತರು ಇದನ್ನು ಕೇಳಿಕೊಳ್ಳಲಿ. ಪಾಳಿಯಲ್ಲಿ ಜೊತೆಗೆ ದುಡಿದು, ಮುಷ್ಕರದಲ್ಲಿ ಜೊತೆಗೆ ಹಸಿದು, ಆಮೇಲೆ ಮಾತಾಡೋಣ. ಕೇಳಿದವನು ಬೇಡವೆಂದರೆ ಅವನ ಜೊತೆಗೇ ಕೂತು ಊಟ ಮಾಡೋಣ.