ಕತ್ತಲ ಜಾಲ: ಭಯವೆಷ್ಟು, ನಿಜವೆಷ್ಟು?

(ಜೋಗೇಶ್ವರಿಯಲ್ಲಿ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಸಾಹಿತಿಗಳೂ ಪಂಡಿತರೂ ಮಾತನಾಡಿದ್ದಾರೆ. ನಾನು ಆ ಸಾಲಿಗೆ ಸೇರಿದವನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತಿಕೆಗೆ ಸೇರಿದ ಸಾಮಾನ್ಯನು. ಬೆಳಿಗ್ಗೆ ಕೌಂಟರಿನಲ್ಲಿ ಕುಳಿತರೆ ಸಂಜೆಯವರೆಗೆ ಪಾಸ್‌ಬುಕ್ಕು, ಚೆಕ್ಕು, ಠೇವಣಿ ರಸೀದಿಗಳೇ ನನ್ನ ಸಾಹಿತ್ಯ. ಅಂಥವನು ‘ಡಾರ್ಕ್ ವೆಬ್’ ಎಂಬ ವಿಷಯದ ಮೇಲೆ ಮಾತನಾಡಲು ಒಪ್ಪಿದುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ತಮ್ಮಲ್ಲಿ ಅರಿಕೆ ಮಾಡಿಕೊಂಡು ಅನಂತರ ವಿಷಯಕ್ಕೆ ಬರುತ್ತೇನೆ.

ನಮ್ಮ ಶಾಖೆಗೆ ಬರುವ ಹಿರಿಯರೊಬ್ಬರಿದ್ದಾರೆ. ದಕ್ಷಿಣ ಕನ್ನಡದಿಂದ ಹುಡುಗನಾಗಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೆಗೆ ಬೆಳೆದವರು. ನಮ್ಮ ತಂದೆಯವರ ಓರಗೆಯವರಾದುದರಿಂದ ನಾನು ಅವರನ್ನು ಮಾವ ಎಂದೇ ಕರೆಯುವುದು. ಎರಡು ವರ್ಷಗಳ ಹಿಂದೆ ಒಂದು ದಿನ ಅವರು ಠೇವಣಿಯ ರಸೀದಿ ಹಿಡಿದು ಬಂದರು. ಅವಧಿ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. “ಇದನ್ನು ಮುರಿದುಕೊಡು, ಹಣ ಈ ಖಾತೆಗೆ ಹೋಗಬೇಕು” ಎಂದು ಒಂದು ಚೀಟಿ ಕೊಟ್ಟರು. ನಾನು ಫಾರಂ ನೋಡುತ್ತಿದ್ದಾಗ ಮೆಲ್ಲನೆ ಕೇಳಿದರು: “ಅಲ್ಲ ಮಾರಾಯ, ಈ ಡಾರ್ಕ್ ವೆಬ್ಬು ಅಂದರೆ ಎಂಥದು?”

ಅವರ ಹಿಂದೆ ಹತ್ತು ಜನರ ಸಾಲಿತ್ತು. “ಅದು ಕಳ್ಳಕಾಕರ ಇಂಟರ್ನೆಟ್ಟು ಮಾವ, ಭಾರಿ ಅಪಾಯ. ಒಮ್ಮೆ ಅಲ್ಲಿಗೆ ಹೋದದ್ದು ಕೈಗೆ ಸಿಕ್ಕುವುದಿಲ್ಲ” ಎಂದು ನಗುತ್ತಲೇ ಮೊಹರು ಹಾಕಿದೆ. ಅವರ ಮುಖ ಬಿಳಿಚಿದ್ದು ಕಂಡಿತು. ಬಿಸಿಲಿನಲ್ಲಿ ನಡೆದು ಬಂದ ಆಯಾಸವೆಂದುಕೊಂಡೆ. 2 ಲಕ್ಷ 40 ಸಾವಿರ ರೂಪಾಯಿ ನನ್ನ ಕೈಯಿಂದಲೇ ಆರ್.ಟಿ.ಜಿ.ಎಸ್. ಮೂಲಕ ಹೋಯಿತು.

ಸಂಗತಿ ತಿಳಿದದ್ದು ಮೂರು ದಿನಗಳ ನಂತರ. ಯಾರೋ ಒಬ್ಬನು ಪೊಲೀಸ್ ಅಧಿಕಾರಿಯೆಂದು ಫೋನಿನಲ್ಲಿ ಹೇಳಿಕೊಂಡು, “ನಿಮ್ಮ ಆಧಾರ್, ಪಾನ್, ಖಾತೆ ಎಲ್ಲವೂ ಡಾರ್ಕ್ ವೆಬ್ಬಿನಲ್ಲಿ ಮಾರಾಟವಾಗಿವೆ, ನಿಮ್ಮ ಹೆಸರಿನಲ್ಲಿ ಅಪರಾಧ ನಡೆದಿದೆ, ಹಣವನ್ನು ಸರಕಾರದ ಸುರಕ್ಷಿತ ಖಾತೆಗೆ ಹಾಕಿದರೆ ಪರೀಕ್ಷಿಸಿ ಹಿಂದಿರುಗಿಸುತ್ತೇವೆ, ಯಾರಿಗೂ ಹೇಳಕೂಡದು” ಎಂದಿದ್ದನು. ಮಾವನಿಗೆ ಅರ್ಧ ಸಂಶಯವಿತ್ತು. ಆ ಸಂಶಯವನ್ನು ಪರಿಹರಿಸಿಕೊಳ್ಳಲೆಂದೇ ನನ್ನನ್ನು ಕೇಳಿದ್ದರು. ನನ್ನ ಉತ್ತರವು ಆ ಕಳ್ಳನ ಸುಳ್ಳಿಗೆ ಸಾಕ್ಷಿ ನುಡಿದಂತಾಯಿತು. 1930ಕ್ಕೆ ದೂರು ಕೊಡುವ ಹೊತ್ತಿಗೆ ಹಣದ ಬಹುಪಾಲು ಖಾತೆಯಿಂದ ಖಾತೆಗೆ ಹರಿದು ಹೋಗಿತ್ತು. ಮಾವ ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳಿದ್ದೇನೆ.

ಅಂದಿನಿಂದ ಈ ಕತ್ತಲ ಜಾಲವೆಂದರೆ ಏನೆಂದು ಓದಿ ತಿಳಿಯತೊಡಗಿದೆನು. ತಿಳಿದಷ್ಟನ್ನು ನಾಲ್ಕು ತಪ್ಪು ಕಲ್ಪನೆಗಳಾಗಿ ವಿಂಗಡಿಸಿ ಹೇಳುತ್ತೇನೆ.

ಮೊದಲನೆಯದು, ಇಂಟರ್ನೆಟ್ಟಿನ ಬಹುಭಾಗವೆಲ್ಲ ಡಾರ್ಕ್ ವೆಬ್ಬೇ ಎಂಬುದು. ನೀರಿನ ಮೇಲೆ ತುದಿ ಮಾತ್ರ ತೋರುವ ಹಿಮಗಡ್ಡೆಯ ಚಿತ್ರವನ್ನು ತಾವು ಫೋನಿನಲ್ಲಿ ಕಂಡಿರಬಹುದು. ಅದರಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಬೆರೆಸಿದ್ದಾರೆ. ನಮ್ಮ ಬ್ಯಾಂಕಿನ ಉದಾಹರಣೆಯನ್ನೇ ಕೊಡುತ್ತೇನೆ. ಬಾಗಿಲಲ್ಲಿ ತೂಗುಹಾಕಿದ ಬಡ್ಡಿಯ ದರದ ಹಲಗೆಯನ್ನು ದಾರಿಹೋಕನೂ ಓದಬಹುದು. ಒಳಗಿನ ನಿಮ್ಮ ಖಾತೆಯ ಪುಟವನ್ನು ನೀವು ಮತ್ತು ಬ್ಯಾಂಕಿನವರಲ್ಲದೆ ಇತರರು ನೋಡುವಂತಿಲ್ಲ. ಇಂಟರ್ನೆಟ್ಟಿನಲ್ಲಿಯೂ ಹಾಗೆಯೇ. ಗೂಗಲಿನಲ್ಲಿ ಹುಡುಕಿದರೆ ಸಿಕ್ಕದ ಪುಟಗಳು ಅಪಾರವಾಗಿವೆ: ನಿಮ್ಮ ಇ-ಮೇಲ್, ಖಾತೆಯ ವಿವರ, ಆಸ್ಪತ್ರೆಯ ವರದಿ, ಮಕ್ಕಳ ಅಂಕಪಟ್ಟಿ. ಇವಕ್ಕೆ ಡೀಪ್ ವೆಬ್ ಎಂದು ಹೆಸರು. ಇವು ಮರೆಯಲ್ಲಿರುವುದು ನಮ್ಮ ಒಳ್ಳೆಯದಕ್ಕೇ. ಡಾರ್ಕ್ ವೆಬ್ ಎಂಬುದು ಬಹು ಚಿಕ್ಕದಾದ ಒಂದು ಮೂಲೆ. ವಿಶೇಷ ತಂತ್ರಾಂಶವಿಲ್ಲದೆ ಅದರೊಳಗೆ ಪ್ರವೇಶವಿಲ್ಲ.

ಆ ತಂತ್ರಾಂಶಗಳಲ್ಲಿ ಹೆಸರಾದುದು ‘ಟಾರ್’. 1990ರ ದಶಕದ ನಡುವೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಈ ವಿಚಾರ ಹುಟ್ಟಿತು. 2002ರಲ್ಲಿ ಸಾರ್ವಜನಿಕರ ಕೈಗೆ ಬಂದಿತು. ಇದನ್ನು ಈರುಳ್ಳಿಗೆ ಹೋಲಿಸುತ್ತಾರೆ. ಒಂದು ಕಾಗದವನ್ನು ಲಕೋಟೆಯೊಳಗಿಟ್ಟು, ಅದನ್ನು ಇನ್ನೊಂದು ಲಕೋಟೆಯಲ್ಲಿ, ಅದನ್ನೂ ಮತ್ತೊಂದರಲ್ಲಿ ಇಟ್ಟು ಕಳುಹಿಸಿದಿರೆನ್ನಿ. ದಾರಿಯಲ್ಲಿ ಮೂವರು ಅಂಚೆಯವರು. ಮೊದಲನೆಯವನಿಗೆ ಕಳುಹಿಸಿದವರು ಯಾರೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಮೂರನೆಯವನಿಗೆ ಎಲ್ಲಿಗೆಂದು ಗೊತ್ತು, ಯಾರಿಂದೆಂದು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. ಒಬ್ಬೊಬ್ಬರೂ ಒಂದೊಂದು ಸಿಪ್ಪೆ ಸುಲಿಯುವುದಷ್ಟೆ. ಡಾರ್ಕ್ ವೆಬ್ಬಿನ ತಾಣಗಳು ಇದೇ ಏರ್ಪಾಡಿನ ಮರೆಯಲ್ಲಿ ತಮ್ಮ ವಿಳಾಸವನ್ನೂ ಅಡಗಿಸಿಕೊಂಡಿರುತ್ತವೆ.

ಎರಡನೆಯ ಕಲ್ಪನೆ, ಅಲ್ಲಿಗೆ ಕಾಲಿಡುವುದೇ ಅಪರಾಧ, ಅಲ್ಲಿರುವವರೆಲ್ಲ ಪಾತಕಿಗಳು ಎಂಬುದು. ನಮ್ಮ ಜೋಗೇಶ್ವರಿಯ ಗುಹೆಯನ್ನು ನೆನಪು ಮಾಡಿಕೊಳ್ಳಿ. ಆರನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆ ಗುಹೆಯ ಮೆಟ್ಟಲಿಳಿದರೆ ಹಗಲಿನಲ್ಲಿಯೂ ಕತ್ತಲು. ಆದರೂ ದೇವಿಯ ದರ್ಶನಕ್ಕೆ ಜನ ಹೋಗಿ ಬರುತ್ತಾರೆ. ಕತ್ತಲಿದ್ದ ಮಾತ್ರಕ್ಕೆ ಸ್ಥಳ ಕೆಟ್ಟದ್ದಾಗದು. ಟಾರ್ ಬಳಸುವುದನ್ನೇ ಅಪರಾಧವೆನ್ನುವ ಕಾನೂನು ಭಾರತದಲ್ಲಿಲ್ಲ. ಅಲ್ಲಿ ಏನು ಮಾಡಿದರು ಎಂಬುದರ ಮೇಲೆ ಅಪರಾಧ ನಿಂತಿದೆ. ಸುದ್ದಿಗೆ ತಡೆಯಿರುವ ದೇಶಗಳ ಓದುಗರಿಗಾಗಿ ಬಿ.ಬಿ.ಸಿ.ಯು 2019ರಲ್ಲಿ ಅಲ್ಲಿಯೇ ತನ್ನ ತಾಣವನ್ನು ತೆರೆಯಿತು. ಹಾಗೆಂದು ಅಲ್ಲಿ ಮಾದಕ ವಸ್ತು, ಕದ್ದ ಕಾರ್ಡು, ಹೇಳಬಾರದ ಹೊಲಸುಗಳ ಮಾರಾಟವಿಲ್ಲವೆಂದು ನಾನು ಹೇಳಲಾರೆ. ಇದೆ. ನಮ್ಮ ಮಕ್ಕಳಿಗೆ ಕುತೂಹಲಕ್ಕಾಗಿ ಅಲ್ಲಿ ಅಲೆಯುವ ಅಗತ್ಯವಿಲ್ಲ. ಬೈದು ಹೆದರಿಸುವ ಬದಲು ಇದನ್ನೆಲ್ಲ ಹೇಳಿ ತಿಳಿಸಿರಿ.

ಮೂರನೆಯದು, ಅಲ್ಲಿನವರನ್ನು ಯಾರೂ ಹಿಡಿಯಲಾರರು ಎಂಬುದು. ಇದನ್ನು ಹುಡುಗರು ನಂಬಿದರೆ ಜೀವನವೇ ಹಾಳು. 2011ರಲ್ಲಿ ಆರಂಭವಾದ ‘ಸಿಲ್ಕ್ ರೋಡ್’ ಎಂಬ ಮಾದಕ ವಸ್ತುಗಳ ಸಂತೆಯನ್ನು ಅಮೆರಿಕದ ಪೊಲೀಸರು 2013ರ ಅಕ್ಟೋಬರಿನಲ್ಲಿ ಮುಚ್ಚಿ ಅದರ ಯಜಮಾನನನ್ನು ಹಿಡಿದರು. ಅವನ ಸುಳಿವು ಕೊಟ್ಟವರಲ್ಲಿ ಒಬ್ಬ ತೆರಿಗೆ ಇಲಾಖೆಯ ಅಧಿಕಾರಿ. ಆತ ಗೂಗಲಿನಲ್ಲಿ ಹಳೆಯ ಬರಹಗಳನ್ನು ತಾಳ್ಮೆಯಿಂದ ಹುಡುಕಿ, ಆ ಮನುಷ್ಯ ಹಿಂದೊಮ್ಮೆ ಮರೆತು ಬರೆದಿದ್ದ ಇ-ಮೇಲ್ ವಿಳಾಸವನ್ನು ಪತ್ತೆ ಮಾಡಿದನು! 2017ರಲ್ಲಿ ‘ಹನ್ಸಾ’ ಎಂಬ ಇನ್ನೊಂದು ಸಂತೆಯನ್ನು ನೆದರ್ಲೆಂಡ್ಸಿನ ಪೊಲೀಸರು ಸದ್ದಿಲ್ಲದೆ ವಶಪಡಿಸಿಕೊಂಡು, ಸುಮಾರು ಒಂದು ತಿಂಗಳು ತಾವೇ ನಡೆಸಿ, ಬಂದವರ ಗುರುತು ಕಲೆಹಾಕಿದರು. ನಮ್ಮ ಬೆಂಗಳೂರಿನಲ್ಲಿಯೂ 2020ರ ನವೆಂಬರಿನಲ್ಲಿ ಸಿ.ಸಿ.ಬಿ. ಪೊಲೀಸರು ಒಬ್ಬ ಯುವಕನನ್ನು ಬಂಧಿಸಿದರು. ಡಾರ್ಕ್ ನೆಟ್ಟಿನಲ್ಲಿ ಬಿಟ್‌ಕಾಯಿನ್ ಕೊಟ್ಟು ಮಾದಕ ವಸ್ತು ತರಿಸಿದನೆಂಬುದು ಆರೋಪ. ಬಿಟ್‌ಕಾಯಿನ್ ವ್ಯವಹಾರ ಗುಟ್ಟಿನದೆಂದು ಹಲವರು ತಿಳಿದಿದ್ದಾರೆ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಅದು ಲೋಕವೆಲ್ಲ ಓದಬಹುದಾದ ಒಂದು ದೊಡ್ಡ ಲೆಡ್ಜರು. ಬರೆದದ್ದನ್ನು ಅಳಿಸುವಂತಿಲ್ಲ. ಹೆಸರಿನ ಬದಲು ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಯಾರದೆಂದು ಒಮ್ಮೆ ತಿಳಿದರೆ ಹಿಂದಿನ ಲೆಕ್ಕವೆಲ್ಲ ಬಯಲಾಗುತ್ತದೆ.

ಇನ್ನು ನಾಲ್ಕನೆಯದು, ಮಾವನಿಗೆ ಪೆಟ್ಟು ಕೊಟ್ಟದ್ದು ಇದೇ. ನಮ್ಮ ವಿವರ ಡಾರ್ಕ್ ವೆಬ್ಬಿಗೆ ಹೋಯಿತೆಂದರೆ ಹಣ ಹೋದಂತೆಯೇ, ಮತ್ತು ಅದನ್ನು ಅಲ್ಲಿಂದ ತೆಗೆಸುವವರು ಇದ್ದಾರೆ ಎಂಬ ನಂಬಿಕೆ.

ನಮ್ಮವರ ವಿವರಗಳು ಅಲ್ಲಿಗೆ ಹೋಗಿರುವುದು ನಿಜ. 2019ರ ಅಕ್ಟೋಬರಿನಲ್ಲಿ ‘ಜೋಕರ್ಸ್ ಸ್ಟ್ಯಾಶ್’ ಎಂಬ ಕಳ್ಳ ಅಂಗಡಿಯಲ್ಲಿ ಸುಮಾರು 13 ಲಕ್ಷ ಕಾರ್ಡುಗಳ ವಿವರ ಮಾರಾಟಕ್ಕೆ ಬಂದಿತೆಂದು ಗ್ರೂಪ್-ಐಬಿ ಎಂಬ ಭದ್ರತಾ ಸಂಸ್ಥೆ ತಿಳಿಸಿತು. ನೂರರಲ್ಲಿ 98ಕ್ಕೂ ಹೆಚ್ಚು ಕಾರ್ಡುಗಳು ಭಾರತದ ಬ್ಯಾಂಕುಗಳವು. ಒಂದೊಂದಕ್ಕೆ 100 ಡಾಲರ್ ಬೆಲೆ. ಅವು ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿಯಲ್ಲಿರುವ ವಿವರಗಳು. ಆ ಅಂಗಡಿ 2021ರಲ್ಲಿ ಮುಚ್ಚಿಹೋಯಿತು. ಬೆಂಗಳೂರಿನ ಬಿಗ್‌ಬಾಸ್ಕೆಟ್ ಕಂಪನಿಯ ಸುಮಾರು 2 ಕೋಟಿ ಗಿರಾಕಿಗಳ ಹೆಸರು, ಫೋನು, ವಿಳಾಸಗಳು 2020ರಲ್ಲಿ ಹೀಗೆಯೇ ಮಾರಾಟಕ್ಕೆ ಬಂದುವು. ಕಂಪನಿಯವರು ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರಿತ್ತರು.

ಈ ಎರಡರಲ್ಲಿಯೂ ಒಂದು ಮಾತನ್ನು ಗಮನಿಸಬೇಕು. ಮಾಲು ಕದ್ದದ್ದು ಕತ್ತಲ ಜಾಲದಲ್ಲಲ್ಲ. ನಾವು ದಿನವೂ ಬಳಸುವ ಬೆಳಕಿನ ಲೋಕದಲ್ಲಿ. ಅಲ್ಲಿ ನಡೆದದ್ದು ಮಾರಾಟ ಮಾತ್ರ. ವಿಳಾಸ, ಫೋನು ನಂಬರು ತಿಳಿದ ಮಾತ್ರಕ್ಕೆ ಕಳ್ಳನಿಗೆ ಖಾತೆಯ ಬಾಗಿಲು ತೆರೆಯದು. ಅವನಿಗೆ ಓ.ಟಿ.ಪಿ. ಬೇಕು, ಪಿನ್ ಬೇಕು, ಇಲ್ಲವೆ ನಾವೇ ಹಣ ಕಳುಹಿಸಬೇಕು. ಆದುದರಿಂದಲೇ ಅವನು ಫೋನ್ ಮಾಡುವುದು. ನಮ್ಮ ಹೆಸರು, ವಿಳಾಸ, ಆಧಾರಿನ ಕೊನೆಯ ಅಂಕೆಗಳನ್ನು ಸರಿಯಾಗಿ ಹೇಳಿ ನಂಬಿಸುವುದಕ್ಕೆ ಆ ಕೊಂಡ ವಿವರ ಅವನಿಗೆ ಉಪಯೋಗ. ಒಮ್ಮೆ ಸೋರಿದ ವಿವರದ ಪ್ರತಿಗಳು ಎಷ್ಟು ಕೈ ದಾಟಿರುತ್ತವೋ! ಅವನ್ನೆಲ್ಲ ಅಳಿಸಿಕೊಡುತ್ತೇನೆಂದು ದುಡ್ಡು ಕೇಳುವವನು ಮೋಸಗಾರ. ಫೋನಿನಲ್ಲಿಯೇ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿಲ್ಲ. ಹಣ ಇಡಬೇಕೆಂದು ಹೇಳುವ ‘ಸುರಕ್ಷಿತ ಖಾತೆ’ ಪೊಲೀಸರಲ್ಲಿಯೂ ಇಲ್ಲ, ರಿಸರ್ವ್ ಬ್ಯಾಂಕಿನಲ್ಲಿಯೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ವಿವರ ಸೋರಿದೆಯೆಂಬ ಸಂಶಯ ಬಂದರೆ ಕಾರ್ಡನ್ನು ನಿಲ್ಲಿಸಿ ಹೊಸದನ್ನು ಪಡೆಯಿರಿ, ಪಾಸ್‌ವರ್ಡು ಬದಲಿಸಿರಿ, ಒಂದೇ ಪಾಸ್‌ವರ್ಡನ್ನು ಎಲ್ಲೆಡೆ ಇಡಬೇಡಿರಿ. ವಿದೇಶದ ಬಳಕೆ, ಆನ್‌ಲೈನ್ ಬಳಕೆ ಬೇಡವಾದಾಗ ಬ್ಯಾಂಕಿನ ಆ್ಯಪಿನಲ್ಲಿ ಮುಚ್ಚಿಡಬಹುದು. ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ್ದಾರೆಯೇ ಎಂದು ತಿಳಿಯಲು ಸಾಲದ ಇತಿಹಾಸದ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿ ನೋಡಿರಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲಿಯೇ 1930ಕ್ಕೂ ಬ್ಯಾಂಕಿಗೂ ತಿಳಿಸಿರಿ. ಬ್ಯಾಂಕಿನದಾಗಲಿ ಗಿರಾಕಿಯದಾಗಲಿ ತಪ್ಪಿಲ್ಲದೆ ಹಣ ಹೋದರೆ, 3 ಕೆಲಸದ ದಿನಗಳೊಳಗೆ ತಿಳಿಸಿದ ಗಿರಾಕಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈಯ ಸುತ್ತೋಲೆಯಲ್ಲಿ ಸಾರಿತು. ತಾನೇ ಗುಟ್ಟಿನ ಸಂಖ್ಯೆ ಹೇಳಿಕೊಟ್ಟು ಹೋದ ಹಣಕ್ಕೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗಿರಾಕಿಯದೇ ಎಂದೂ ಅದರಲ್ಲಿದೆ. ನಾಚಿಕೆಯಿಂದ ಕಳೆದ ಒಂದೊಂದು ಗಂಟೆಯೂ ಕಳ್ಳನ ಪಾಲಿಗೆ ಲಾಭ. ಮಾವನೂ ಮೂರು ದಿನ ಸುಮ್ಮನಿದ್ದದ್ದು ಮಕ್ಕಳೇನೆನ್ನುವರೋ ಎಂಬ ನಾಚಿಕೆಯಿಂದಲೇ.

ಪರವೂರಿಗೆ ಬಂದ ನಮ್ಮವರು ಪೊಲೀಸು, ಕೋರ್ಟು, ಇಂಗ್ಲಿಷು, ಹಿಂದಿ ಎಂದರೆ ಸ್ವಲ್ಪ ಅಳುಕುತ್ತೇವೆ. ದುಡಿದು ಗಳಿಸಿದ ಮಾನ ಎಲ್ಲಿ ಹೋದೀತೋ ಎಂಬ ಚಿಂತೆ. ಫೋನ್ ಮಾಡುವವನು ಹಿಡಿಯುವುದು ಇದೇ ಎಳೆಯನ್ನು. ಅವನು ಮೊದಲು ಹೇಳುವ ಮಾತೇ “ಯಾರಿಗೂ ಹೇಳಬೇಡಿ” ಎಂಬುದು. ಹಾಗೆ ಹೇಳಿದನೆಂದರೆ ಕೂಡಲೇ ಫೋನ್ ಇಟ್ಟು ಮನೆಯವರಿಗೆ ಹೇಳಿರಿ, ನೆರೆಯವರಿಗೆ ಹೇಳಿರಿ, ಈ ಸಂಘಕ್ಕೆ ಬಂದು ಹೇಳಿರಿ. ನಮ್ಮ ಹಿರಿಯರು ಹಗಲೆಲ್ಲ ದುಡಿದ ಹುಡುಗರಿಗೆಂದು ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಇಂದು ಫೋನಿನ ಅಕ್ಷರ ಕಲಿಯಬೇಕಾದವರು ಹಿರಿಯರು; ಕಲಿಸಬೇಕಾದವರು ಮೊಮ್ಮಕ್ಕಳು. ಪ್ರತಿ ತಿಂಗಳ ಎರಡನೆಯ ಭಾನುವಾರ ಸಂಜೆ ಇಲ್ಲಿಯೇ ಒಂದು ಗಂಟೆ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ. ಸಂಶಯವಿದ್ದವರು ಫೋನು ಹಿಡಿದು ಬನ್ನಿ. ಮೊದಲ ಭಾನುವಾರ ಬರುವೆನೆಂದು ಮಾವ ಮಾತು ಕೊಟ್ಟಿದ್ದಾರೆ.

ಕೌಂಟರಿನಲ್ಲಿಯೂ ಕೇಳಿರಿ. ಹಿಂದೆ ಸಾಲು ಎಷ್ಟೇ ಉದ್ದವಿರಲಿ, ಈಗ ನಾನು ಲೇಖನಿ ಕೆಳಗಿಟ್ಟು ಉತ್ತರ ಹೇಳುತ್ತೇನೆ.